ಗುಡ್ಡದ ಎತ್ತರ, ಗುಡ್ಡದ ಹೆಸರು: ವೇಲ್ಸ್ ನಾಡಿನ ಮರುಪರಿಶೀಲನೆ

(ನಮ್ಮ ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಒಂದು ಗುಡ್ಡದ ಎತ್ತರವೆಷ್ಟು, ಅದರ ಹೆಸರೇನು ಎಂಬ ಪ್ರಶ್ನೆಗಳಿಗೆ ಉತ್ತರ ಬಹು ಸುಲಭವೆಂದು ನಾವು ಭಾವಿಸಿರುತ್ತೇವೆ. ನಕಾಶೆಯನ್ನು ಬಿಡಿಸಿ ನೋಡಿದರೆ ಎರಡೂ ಅಲ್ಲಿರುತ್ತವೆ. ಆದರೆ ಆ ನಕಾಶೆಯನ್ನು ಬರೆದವರು ಯಾರು, ಯಾವ ಉದ್ದೇಶಕ್ಕಾಗಿ ಬರೆದರು, ಹೆಸರನ್ನು ಯಾರ ಬಾಯಿಂದ ಕೇಳಿ ಬರೆದುಕೊಂಡರು ಎಂದು ವಿಚಾರಿಸುವವರು ವಿರಳ. ಬ್ರಿಟನ್ನಿನ ಪಶ್ಚಿಮದಲ್ಲಿರುವ ವೇಲ್ಸ್ ನಾಡಿನಲ್ಲಿ ಈ ವಿಚಾರಣೆ ಗಂಭೀರವಾಗಿ ನಡೆದಿದೆ. ಅದಕ್ಕೆ ಅಲ್ಲಿನವರು ಎರಡು ಸಾಧನಗಳನ್ನು ಬಳಸುತ್ತಿದ್ದಾರೆ. ಒಂದು, ನೂರೆಂಬತ್ತು ವರ್ಷಗಳಷ್ಟು ಹಳೆಯ ತೆರಿಗೆ ನಕ್ಷೆಗಳು; ಇನ್ನೊಂದು, ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲವನ್ನು ಅಳೆಯುವ ಲೈಡಾರ್ ಎಂಬ ಹೊಸ ವಿಧಾನ. ಇವೆರಡೂ ಸೇರಿ ಆ ನಾಡಿನ ಗುಡ್ಡಗಳ ಬಗ್ಗೆ ಏನನ್ನು ತಿಳಿಸಿವೆ, ಏನನ್ನು ತಿಳಿಸಲಾರವು ಎಂಬುದೇ ಇಂದಿನ ವಿಷಯ.

ವೇಲ್ಸ್ ಚಿಕ್ಕ ನಾಡು. ಅದರ ವಿಸ್ತೀರ್ಣ ಕರ್ನಾಟಕದ ಒಂಬತ್ತನೇ ಒಂದು ಭಾಗದಷ್ಟು. ಜನಸಂಖ್ಯೆ ಸುಮಾರು 31 ಲಕ್ಷ. ಇಂಗ್ಲಿಷಿಗಿಂತ ಹಳೆಯದಾದ ವೆಲ್ಷ್ ಭಾಷೆ ಅಲ್ಲಿಯದು. 2021ರ ಜನಗಣತಿಯ ಪ್ರಕಾರ ಅದನ್ನು ಬಲ್ಲವರು ನೂರಕ್ಕೆ ಹದಿನೆಂಟಕ್ಕಿಂತ ತುಸು ಕಡಿಮೆ. ಕುರಿ ಸಾಕಣೆಯೇ ಗುಡ್ಡಗಾಡಿನ ಮುಖ್ಯ ಕಸುಬು. ಅತ್ಯುನ್ನತ ಶಿಖರವಾದ ಅರ್ ವಿದ್‌ವಾ 1,085 ಮೀಟರ್ ಎತ್ತರದ್ದು. ಇಂಗ್ಲಿಷಿನವರು ಅದನ್ನು ಸ್ನೋಡನ್ ಎಂದು ಕರೆದರು.

ಅರ್ಧ ಅಡಿಯ ಅಂತರ

ಮೊದಲು ಎತ್ತರದ ಮಾತು. ಬ್ರಿಟನ್ನಿನ ಸರ್ಕಾರಿ ಸರ್ವೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯು 1791ರಲ್ಲಿ ಆರಂಭವಾಯಿತು. ಅದರ ನಕಾಶೆಗಳು ಜಗತ್ತಿನಲ್ಲೇ ಅತ್ಯುತ್ತಮವಾದವುಗಳ ಸಾಲಿಗೆ ಸೇರುತ್ತವೆ. ಆದರೂ ಗುಡ್ಡಗಾಡಿನ ಎತ್ತರಗಳಲ್ಲಿ ಹಲವು ವಿಮಾನದಿಂದ ತೆಗೆದ ಛಾಯಾಚಿತ್ರಗಳ ಆಧಾರದಿಂದ ಲೆಕ್ಕ ಹಾಕಿದವು. ಅವುಗಳಲ್ಲಿ ಒಂದೆರಡು ಮೀಟರ್ ಹೆಚ್ಚುಕಡಿಮೆಯಾಗುವುದು ಸಹಜ. ಎರಡು ಗುಡ್ಡಗಳ ನಡುವಿನ ಕಂಡಿಯ ಎತ್ತರವನ್ನಂತೂ ಬಹುತೇಕ ಕಡೆ ಸಮೋನ್ನತ ರೇಖೆಗಳ ನಡುವೆ ಅಂದಾಜಿನಿಂದಲೇ ಓದಬೇಕಾಗಿತ್ತು.

ಅಲ್ಲಿನ ಚಾರಣಿಗರಲ್ಲಿ 2,000 ಅಡಿ, ಅಂದರೆ 609.6 ಮೀಟರ್ ಮೀರಿದ್ದನ್ನು ಪರ್ವತವೆಂದು ಪಟ್ಟಿಮಾಡುವ ವಾಡಿಕೆಯಿದೆ. ಮನಿದ್ ಗ್ರೈಗ್ ಗೋಖ್ ಎಂಬ ಗುಡ್ಡ, ಅಂದರೆ ಕೆಂಪು ಬಂಡೆಯ ಬೆಟ್ಟ, ನಕಾಶೆಯಲ್ಲಿ 609 ಮೀಟರ್ ಎಂದಿತ್ತು. ಆದ್ದರಿಂದ ಅದು ಪರ್ವತವಲ್ಲ. 2008ರಲ್ಲಿ ಮೂವರು ಹವ್ಯಾಸಿಗಳು ಉಪಗ್ರಹ ಸಂಕೇತ ಹಿಡಿಯುವ ನಿಖರ ಉಪಕರಣವನ್ನು ನೆತ್ತಿಯ ಮೇಲಿಟ್ಟು ಅಳೆದಾಗ 609.75 ಮೀಟರ್ ಬಂದಿತು. ಅರ್ಧ ಅಡಿಯ ಅಂತರದಲ್ಲಿ ಗುಡ್ಡ ಪರ್ವತವಾಯಿತು. 999 ಮೀಟರ್ ಎಂದು ದಾಖಲಾಗಿದ್ದ ಗ್ಲಿಡರ್ ವೌರ್ ಶಿಖರವು 2010ರ ಅಳತೆಯಲ್ಲಿ 1,000.8 ಮೀಟರ್ ಎಂದು ಸಿದ್ಧವಾಯಿತು. ಸರ್ಕಾರಿ ಸಂಸ್ಥೆ ಈ ಫಲಿತಾಂಶಗಳನ್ನು ಪರಿಶೀಲಿಸಿ ಒಪ್ಪಿ ತನ್ನ ನಕಾಶೆಯನ್ನು ತಿದ್ದಿಕೊಂಡಿತು. ಹವ್ಯಾಸಿಯ ಅಳತೆಯನ್ನು ಇಲಾಖೆ ಒಪ್ಪಿಕೊಂಡಿತು ಎಂಬ ಸಂಗತಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಕೆಳಗಿಳಿದ ಉದಾಹರಣೆಯೂ ಇದೆ. ಪಟ್ಟಿಯಲ್ಲಿ ಉಳಿಯಲು ಎತ್ತರವೊಂದೇ ಸಾಲದು. ಪಕ್ಕದ ಕಂಡಿಯಿಂದ ನೆತ್ತಿಯವರೆಗೆ ಕನಿಷ್ಠ 30 ಮೀಟರ್ ಏರಿಕೆಯೂ ಇರಬೇಕು. ಇಲ್ಲದಿದ್ದರೆ ಅದು ಪಕ್ಕದ ಬೆಟ್ಟದ ಭುಜವಷ್ಟೆ. ದಕ್ಷಿಣ ವೇಲ್ಸಿನ ವಾನ್ ಅ ಬಿಗ್ ಎಂಬ ಪ್ರಸಿದ್ಧ ಶಿಖರದ ಏರಿಕೆ ಅದಕ್ಕಿಂತ ತುಸು ಕಡಿಮೆಯೆಂದು 2018ರಲ್ಲಿ ತಿಳಿದುಬಂದು, 700 ಮೀಟರಿಗೂ ಎತ್ತರದ ಆ ಶಿಖರ ಪರ್ವತಗಳ ಪಟ್ಟಿಯಿಂದ ಹೊರಬಿತ್ತು.

ಬೆಳಕಿನ ಅಳತೆಗೋಲು

ಹೀಗೆ ಒಂದೊಂದೇ ಗುಡ್ಡ ಹತ್ತಿ ಅಳೆಯುವುದಾದರೆ ಒಂದು ಆಯುಷ್ಯ ಸಾಲದು. ಲೈಡಾರ್ ನೆರವಿಗೆ ಬಂದುದು ಇಲ್ಲಿ. ವಿಮಾನದಲ್ಲಿರುವ ಉಪಕರಣವು ಸೆಕೆಂಡಿಗೆ ಲಕ್ಷಾಂತರ ಬಾರಿ ಲೇಸರ್ ಮಿಡಿತಗಳನ್ನು ನೆಲದತ್ತ ಕಳುಹಿಸುತ್ತದೆ. ನೆಲಕ್ಕೆ ತಾಗಿ ಮರಳಿದ ಬೆಳಕು ತೆಗೆದುಕೊಂಡ ಕಾಲದಿಂದ ದೂರವನ್ನು ಲೆಕ್ಕ ಹಾಕಲಾಗುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಕಾಲ ವ್ಯತ್ಯಾಸವಾದರೆ ದೂರದಲ್ಲಿ 15 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಮರಗಳಿರುವ ಕಡೆ ಒಂದೇ ಮಿಡಿತದ ಸ್ವಲ್ಪ ಬೆಳಕು ಎಲೆಗಳಿಂದ, ಸ್ವಲ್ಪ ಕೊಂಬೆಗಳಿಂದ, ಉಳಿದದ್ದು ನೆಲದಿಂದ ಮರಳುತ್ತದೆ. ಕೊನೆಗೆ ಬಂದವುಗಳನ್ನು ಮಾತ್ರ ಆರಿಸಿಕೊಂಡರೆ ಮರಗಳನ್ನು ಕಡಿಯದೆಯೇ ಬರಿಯ ನೆಲದ ಆಕಾರ ದೊರೆಯುತ್ತದೆ.

ವೇಲ್ಸಿನ ಹಲವು ಭಾಗಗಳಲ್ಲಿ ಪ್ರವಾಹದ ಅಧ್ಯಯನಕ್ಕಾಗಿ ಈ ಸರ್ವೆ ಮೊದಲೇ ನಡೆದಿತ್ತು. ಅನಂತರ 2020ರಿಂದ 2023ರವರೆಗೆ ಅಲ್ಲಿನ ಸರ್ಕಾರವು ಇಡೀ ನಾಡನ್ನು ಅರ್ಧ ಮೀಟರಿಗೊಂದು ಬಿಂದುವಿನಂತೆ ಅಳೆಯಿಸಿ, ಆ ಮಾಹಿತಿಯನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ತೆರೆದಿಟ್ಟಿತು. ಈಗ ಹಳ್ಳಿಯ ಶಾಲೆಯ ಹುಡುಗನೊಬ್ಬ ತನ್ನ ಮನೆಯ ಹಿಂದಿನ ದಿಬ್ಬದ ನೆತ್ತಿ ಎಲ್ಲಿದೆ, ಕಂಡಿ ಎಲ್ಲಿದೆ ಎಂದು ತಾನೇ ಹುಡುಕಬಹುದು. ಯಾವ ಪಟ್ಟಿಯಲ್ಲಿಯೂ ಇರದಿದ್ದ ಎಷ್ಟೋ ಸಣ್ಣ ಗುಡ್ಡಗಳ ಲೆಕ್ಕ ಹೀಗೆ ಸರಿಯಾಗುತ್ತಿದೆ.

ಆದರೆ ಯಂತ್ರಕ್ಕೂ ಮಿತಿಯಿದೆ. ಚೂಪಾದ ಬಂಡೆಯ ತುದಿ ಎರಡು ಬಿಂದುಗಳ ನಡುವೆ ತಪ್ಪಿಹೋಗಬಹುದು. ಕಲ್ಲುಗುಂಡನ್ನು ಪೊದೆಯೆಂದು ಭಾವಿಸಿ ಗಣಕಯಂತ್ರ ಅದನ್ನು ತೆಗೆದುಹಾಕಬಹುದು. 1919ರಲ್ಲಿ ಅರಣ್ಯ ಆಯೋಗ ಸ್ಥಾಪನೆಯಾದ ಮೇಲೆ ವೇಲ್ಸಿನ ಗುಡ್ಡಗಳಲ್ಲಿ ಉತ್ತರ ಅಮೆರಿಕದ ಸಿಟ್ಕಾ ಸ್ಪ್ರೂಸ್ ಮರಗಳ ಏಕಜಾತಿಯ ನೆಡುತೋಪುಗಳು ಹಬ್ಬಿದವು. ಅವುಗಳ ದಟ್ಟ ನೆರಳಿನೊಳಗೆ ಲೇಸರ್ ಕಿರಣವೂ ಕಷ್ಟದಿಂದ ಇಳಿಯುತ್ತದೆ. ಆದ್ದರಿಂದ ಲೈಡಾರ್ ಸಂದೇಹವನ್ನು ಎತ್ತಿ ತೋರಿಸಿದ ಕಡೆ ಮನುಷ್ಯನು ಗುಡ್ಡ ಹತ್ತಿ ನೋಡಲೇಬೇಕು.

ರೈತ ದ್ವೇಷಿಸಿದ ತೆರಿಗೆ, ರೈತನ ಹೆಸರನ್ನು ಉಳಿಸಿದ ನಕ್ಷೆ

ಲೇಸರ್ ಎತ್ತರವನ್ನು ಹೇಳೀತು, ಹೆಸರನ್ನು ಹೇಳಲಾರದು. ಹೆಸರಿಗಾಗಿ ಹಿಂದಕ್ಕೆ ಹೋಗಬೇಕು.

ಬೆಳೆಯ ಹತ್ತರಲ್ಲೊಂದು ಭಾಗವನ್ನು ರೈತನು ಚರ್ಚಿಗೆ ಕೊಡಬೇಕೆಂಬ ದಶಮಾಂಶದ ಪದ್ಧತಿ ಅಲ್ಲಿ ಶತಮಾನಗಳಿಂದ ಇತ್ತು. 1836ರ ಕಾಯಿದೆಯು ಅದನ್ನು ಹಣದ ರೂಪಕ್ಕೆ ತಂದಿತು. ಗೋಧಿ, ಬಾರ್ಲಿ, ಓಟ್ಸ್ ಧಾನ್ಯಗಳ ಏಳು ವರ್ಷದ ಸರಾಸರಿ ಬೆಲೆಯ ಮೇಲೆ ಮೊತ್ತ ನಿಗದಿಯಾಯಿತು. ಇದಕ್ಕಾಗಿ ಪ್ರತಿ ಪ್ಯಾರಿಷ್‌ಗೂ, ಅಂದರೆ ಚರ್ಚಿನ ಆಡಳಿತಕ್ಕೊಳಪಟ್ಟ ಪ್ರತಿ ಗ್ರಾಮಪ್ರದೇಶಕ್ಕೂ, ನಕ್ಷೆ ಬರೆಯಬೇಕಾಯಿತು. ನಕ್ಷೆಯ ಜೊತೆಗಿನ ಪುಸ್ತಕ ನಮ್ಮ ಪಹಣಿಯನ್ನು ಹೋಲುತ್ತದೆ: ಒಡೆಯನ ಹೆಸರು, ಸಾಗುವಳಿದಾರನ ಹೆಸರು, ತಾಕಿನ ಸಂಖ್ಯೆ, ತಾಕಿನ ಹೆಸರು, ಉಳುಮೆಯ ಭೂಮಿಯೋ ಹುಲ್ಲುಗಾವಲೋ ಎಂಬ ವಿವರ, ವಿಸ್ತೀರ್ಣ, ತೆರಬೇಕಾದ ಮೊತ್ತ.

ಬಹುಪಾಲು ವೆಲ್ಷ್ ರೈತರು ಸರ್ಕಾರಿ ಚರ್ಚಿಗೆ ಸೇರದೆ ಸ್ವತಂತ್ರ ಪ್ರಾರ್ಥನಾ ಮಂದಿರಗಳಿಗೆ ಸೇರಿದವರು. ತಮ್ಮದಲ್ಲದ ಚರ್ಚಿಗೆ ತೆರಿಗೆ ಕೊಡುವುದು ಅವರಿಗೆ ಅನ್ಯಾಯವೆನಿಸಿತು. 1880ರ ದಶಕದಲ್ಲಿ ಈಶಾನ್ಯ ವೇಲ್ಸಿನಲ್ಲಿ ಜಪ್ತಿಗೆ ಬಂದ ಅಧಿಕಾರಿಗಳನ್ನು ಹಳ್ಳಿಗರು ತಡೆದು ನಿಂತರು. ಇತಿಹಾಸದ ವಿಪರ್ಯಾಸವೆಂದರೆ, ಆ ತೆರಿಗೆಯ ಪುಸ್ತಕಗಳೇ ಅವರ ಅಜ್ಜಂದಿರು ಪ್ರತಿ ಹೊಲಕ್ಕೂ ಗುಡ್ಡದ ಪ್ರತಿ ಬದಿಗೂ ಇಟ್ಟಿದ್ದ ಹೆಸರುಗಳನ್ನು ಕಾಪಾಡಿಕೊಟ್ಟವು. ಸರ್ವೆ ಸಂಸ್ಥೆಯ ಕಚೇರಿ 1940ರಲ್ಲಿ ಬಾಂಬ್ ದಾಳಿಗೆ ತುತ್ತಾದಾಗ ಅದರ ಹಳೆಯ ದಾಖಲೆಗಳಲ್ಲಿ ಬಹಳಷ್ಟು ಸುಟ್ಟುಹೋದವು. ಇದರಿಂದ ದಶಮಾಂಶ ನಕ್ಷೆಗಳ ಬೆಲೆ ಮತ್ತಷ್ಟು ಹೆಚ್ಚಿತು. ಅಬೆರಿಸ್ಟ್ವಿತ್ ಪಟ್ಟಣದ ರಾಷ್ಟ್ರೀಯ ಗ್ರಂಥಾಲಯವು 2014ರಿಂದ ಸುಮಾರು 1,200 ನಕ್ಷೆಗಳನ್ನು ಗಣಕೀಕರಿಸಿತು. ಅಂದಿನ ಕೈಬರಹವನ್ನು ಓದಿ ನಕಲು ಮಾಡಿದವರಲ್ಲಿ ಊರೂರಿನ ಸ್ವಯಂಸೇವಕರಿದ್ದರು.

ಆ ಯೋಜನೆಗೆ ಇಟ್ಟ ಹೆಸರು ಕನೆವಿನ್. ಇದನ್ನು ಕೃಷಿಕರಾದ ನಾವು ಅರಿಯಬೇಕು. ಬೇಲಿಯಿಲ್ಲದ ಗುಡ್ಡದಲ್ಲಿ ಪ್ರತಿ ಮಂದೆಯೂ ತನ್ನ ಮೇವಿನ ನೆಲೆಯನ್ನು ಬಿಟ್ಟು ಹೋಗದು. ಮರಿ ಅದನ್ನು ತಾಯಿಯಿಂದ ಕಲಿಯುತ್ತದೆ. ಆ ನೆಲೆಯೇ ಕನೆವಿನ್. ಮನುಷ್ಯನಿಗೆ ತನ್ನ ಊರಿನೊಡನೆ ಇರುವ ಬಳಕೆಗೂ ಅದೇ ಪದ.

ಹೆಸರಿನಲ್ಲಿ ಅಡಗಿದ ಬೇಸಾಯ

ಈ ಹೆಸರುಗಳು ಅಲಂಕಾರಕ್ಕಾಗಿ ಇಟ್ಟವಲ್ಲ, ಬಳಕೆಯ ದಾಖಲೆಗಳು. ಹೆಂದ್ರೆ ಎಂದರೆ ಕಣಿವೆಯಲ್ಲಿದ್ದ ಚಳಿಗಾಲದ ಮೂಲ ಮನೆ. ಹಾವೊದ್ ಎಂದರೆ ಬೇಸಿಗೆಯಲ್ಲಿ ದನಕುರಿಗಳೊಡನೆ ಮೇಲಕ್ಕೆ ಹೋಗಿ, ಹಾಲು ಕರೆದು ಬೆಣ್ಣೆ ಮಾಡುತ್ತಿದ್ದ ಗುಡ್ಡದ ಮನೆ. ಫ್ರೀದ್ ಎಂದರೆ ಕೆಳಗಿನ ಹೊಲಗಳಿಗೂ ಮೇಲಿನ ಬಯಲು ಗುಡ್ಡಕ್ಕೂ ನಡುವಿನ ಹುಲ್ಲಿನ ಇಳಿಜಾರು. ಮೋಯ್ಲ್ ಎಂದರೆ ಬೋಳು ಗುಡ್ಡ. ಕೆವ್ನ್ ಎಂದರೆ ಬೆನ್ನು, ಉದ್ದನೆಯ ಏಣು.

ನಕ್ಷೆಯಲ್ಲಿ ಹಾವೊದ್ ಎಂದಿರುವ ಜಾಗದಲ್ಲಿ ಇಂದು ಕಣ್ಣಿಗೆ ಕಾಣುವುದು ಹುಲ್ಲು ಮಾತ್ರ. ಅಂಥ ಕಡೆ ಲೈಡಾರ್ ಚಿತ್ರವನ್ನು ಓರೆ ಬೆಳಕು ಬಿದ್ದಂತೆ ಮಾಡಿ ನೋಡಿದರೆ, ಇಳಿಜಾರನ್ನು ಕಡಿದು ಮಟ್ಟ ಮಾಡಿದ ಮನೆಯ ತಳ, ದೊಡ್ಡಿಯ ಸುತ್ತುಗೋಡೆ, ಹಳೆಯ ಉಳುಮೆಯ ಸಾಲುಗಳು ಕಾಣಬಹುದು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಧಾನ್ಯದ ಬೆಲೆ ಏರಿ, ಉಳಲಾರದಷ್ಟು ಎತ್ತರದ ಗುಡ್ಡಗಳನ್ನೂ ಉತ್ತಿದ್ದರು. ಬೆಲೆ ಇಳಿದೊಡನೆ ಅವು ಹುಲ್ಲಿಗೆ ಮರಳಿದವು. ಗೋಮಾಳದ ಅಂಚಿನಲ್ಲಿ ಒಂದೇ ರಾತ್ರಿಯಲ್ಲಿ ಮನೆ ಕಟ್ಟಿ ಬೆಳಗಿನೊಳಗೆ ಒಲೆಯ ಹೊಗೆ ಕಾಣಿಸಿದರೆ ಆ ಜಾಗ ಕಟ್ಟಿದವನದೆಂಬ ನಂಬಿಕೆ ಬಡವರಲ್ಲಿತ್ತು. ಕಾನೂನು ಅದನ್ನು ಒಪ್ಪಿರಲಿಲ್ಲ. ಬಗರ್ ಹುಕುಂ ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಸರು ಸುಳಿವು ಕೊಡುತ್ತದೆ, ಲೇಸರ್ ಗುರುತನ್ನು ತೋರಿಸುತ್ತದೆ. ಒಂದಿಲ್ಲದೆ ಇನ್ನೊಂದು ಮೂಕ.

ಹೆಸರಿದ್ದೂ ಹೆಸರಿಲ್ಲದ ಕಣಿವೆ

ಉತ್ತರ ವೇಲ್ಸಿನಲ್ಲಿ ಕೂಮ್ ಕ್ನೈವ್ಯೋನ್ ಎಂಬ ಕಣಿವೆಯಿದೆ. ಕತ್ತರಿಸಿದ ಕುರಿಯುಣ್ಣೆಯ ಕಣಿವೆ ಎಂದು ಅರ್ಥ. ಹೊರಗಿನಿಂದ ಬಂದ ಪರ್ವತಾರೋಹಿಗಳು ಅದನ್ನು ‘ಹೆಸರಿಲ್ಲದ ಕಣಿವೆ’ ಎಂದು ಕರೆದರು, ಹಾಗೆಯೇ ಕೈಪಿಡಿಗಳಲ್ಲಿ ಬರೆದರು. ಕುರುಬನ ಬಾಯಲ್ಲಿ ಹೆಸರಿತ್ತು, ಕೇಳಿದವರಿರಲಿಲ್ಲ.

ಈ ಕಥೆಗೆ ನಮ್ಮ ನೆಲದ ನಂಟೂ ಇದೆ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ಲ್ಯಾಂಬ್ಟನ್ನರ ಕೆಲಸವು ಮುಂದೆ ಭಾರತದ ಮಹಾ ತ್ರಿಕೋನಮಿತಿ ಸರ್ವೆಯಾಗಿ ಬೆಳೆಯಿತು. ಅವರ ತರುವಾಯ ಅದನ್ನು ಮುನ್ನಡೆಸಿದ ಜಾರ್ಜ್ ಎವರೆಸ್ಟರ ಕುಟುಂಬದ ಆಸ್ತಿಯಿದ್ದದ್ದು ವೇಲ್ಸಿನ ಕ್ರಿಕ್‌ಹೊವೆಲ್ ಊರಿನ ಬಳಿ. 1865ರಲ್ಲಿ ಜಗತ್ತಿನ ಅತ್ಯುನ್ನತ ಶಿಖರಕ್ಕೆ ಅವರ ಹೆಸರಿಡಲಾಯಿತು. ಸ್ಥಳೀಯರ ನಾಲಗೆಗೆ ಈ ಹೆಸರು ಹೊರಳದೆಂದು ಸ್ವತಃ ಎವರೆಸ್ಟರೇ ಆಕ್ಷೇಪಿಸಿದ್ದರು. ಟಿಬೆಟಿಯನ್ನರಿಗೆ ಅದು ಚೊಮೊಲುಂಗ್ಮಾ ಆಗಿಯೇ ಇತ್ತು. ಎತ್ತರವನ್ನು ಅಷ್ಟು ನಿಖರವಾಗಿ ಲೆಕ್ಕ ಹಾಕಿದ ಸಂಸ್ಥೆಗೆ ಆ ಹೆಸರು ಕೇಳಿಸಲಿಲ್ಲ.

ವೇಲ್ಸ್ ಈಗ ಹಿಂದಿರುಗಿ ನೋಡುತ್ತಿದೆ. ಐತಿಹಾಸಿಕ ಸ್ಥಳನಾಮಗಳ ಪಟ್ಟಿಯನ್ನು ಇಡಬೇಕೆಂದು 2016ರಲ್ಲಿ ಕಾಯಿದೆಯಾಯಿತು. 2017ರಲ್ಲಿ ಲಕ್ಷಾಂತರ ಹೆಸರುಗಳೊಡನೆ ಪಟ್ಟಿ ಪ್ರಕಟವಾಯಿತು. 2022ರ ನವೆಂಬರಿನಲ್ಲಿ ಉತ್ತರದ ರಾಷ್ಟ್ರೀಯ ಉದ್ಯಾನದ ಆಡಳಿತವು ಸ್ನೋಡನ್ ಬದಲು ಅರ್ ವಿದ್‌ವಾ, ಸ್ನೋಡೋನಿಯಾ ಬದಲು ಎರರಿ ಎಂಬ ಹೆಸರುಗಳನ್ನೇ ಬಳಸಲು ನಿರ್ಧರಿಸಿತು. 2023ರ ಏಪ್ರಿಲಿನಲ್ಲಿ ಬ್ರೆಕನ್ ಬೀಕನ್ಸ್ ಉದ್ಯಾನವು ಬನ್ನೈ ಬ್ರಖೇನಿಯೋಗ್ ಆಯಿತು. ಆದರೆ ಕಾಯಿದೆಗೆ ಬಲ ಕಡಿಮೆ. ತೋಟದ ಮನೆಯನ್ನು ಕೊಂಡ ಹೊಸಬನು ಹಳೆಯ ಹೆಸರಿನ ಫಲಕ ಕಿತ್ತು ಬೇರೆ ಹಾಕಿದರೆ ತಡೆಯುವ ಅಧಿಕಾರ ಅದಕ್ಕಿಲ್ಲ.

ನಾವು ಗ್ರಹಿಸಬೇಕಾದ ಕ್ರಮ

ವೇಲ್ಸಿನವರ ಕೆಲಸದಿಂದ ಒಂದು ಕ್ರಮ ಸ್ಪಷ್ಟವಾಗುತ್ತದೆ. ನೆಲದ ಆಕಾರಕ್ಕೆ ಲೇಸರನ್ನು ಕೇಳಬೇಕು. ಹಿಂದಿನ ಹೆಸರಿಗೆ ತೆರಿಗೆಯ ಪುಸ್ತಕವನ್ನು ಕೇಳಬೇಕು. ಆ ಹೆಸರು ಗುಡ್ಡದ ಯಾವ ಮಗ್ಗುಲಿಗೆ ಸೇರಿದ್ದು, ಅದನ್ನು ಹೇಗೆ ಉಚ್ಚರಿಸುತ್ತಾರೆ ಎಂದು ತಿಳಿಯಲು ಅಲ್ಲಿ ಕುರಿ ಮೇಯಿಸುವವನ ಮನೆಯ ಬಾಗಿಲಿಗೇ ಹೋಗಬೇಕು. ಮೊದಲಿನ ಎರಡು ಸಾಕ್ಷಿಗಳು ಗ್ರಂಥಾಲಯದಲ್ಲೂ ಗಣಕಯಂತ್ರದಲ್ಲೂ ಭದ್ರವಾಗಿವೆ. ನಾಳೆ ನೋಡಿದರೂ ಸಿಗುತ್ತವೆ. ಮೂರನೆಯ ಸಾಕ್ಷಿಗೆ ವಯಸ್ಸಾಗುತ್ತಿದೆ. ವೃದ್ಧ ರೈತನೊಬ್ಬ ತೀರಿಕೊಂಡು, ಮಕ್ಕಳು ಪಟ್ಟಣ ಸೇರಿ, ಜಮೀನು ಮಾರಾಟವಾದ ದಿನ ಇಪ್ಪತ್ತು ಮೂವತ್ತು ಹೆಸರುಗಳು ಒಟ್ಟಿಗೇ ಹೋಗುತ್ತವೆ.

ಹೆಸರು ಹೋದರೆ ಏನು ನಷ್ಟವೆಂದು ಕೇಳುವವರಿದ್ದಾರೆ. ಹೆಸರಿಲ್ಲದ ಗುಡ್ಡ ಕಾಗದದ ಮೇಲೆ ಖಾಲಿ ಜಾಗ. ಖಾಲಿ ಜಾಗದ ಮೇಲೆ ಯಾವ ಯೋಜನೆಯ ಗೆರೆಯನ್ನಾದರೂ ಎಳೆಯಬಹುದು. ಅಲ್ಲಿ ಬೇಸಿಗೆಯ ಮೇವಿತ್ತು, ನೀರಿನ ಸೆಲೆಯಿತ್ತು, ಯಾರದೋ ಹಕ್ಕಿತ್ತು ಎಂದು ಹೇಳಲು ಪದವೇ ಉಳಿದಿರುವುದಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಊರಿನ ಗ್ರಾಮನಕಾಶೆಯ ಒಂದು ಪ್ರತಿಯನ್ನು ಪಡೆಯಿರಿ. ಮನೆಯ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಪ್ರತಿ ಸರ್ವೆ ನಂಬರಿನ ಪಕ್ಕದಲ್ಲಿ ಆ ಹಕ್ಕಲಿಗೆ, ಆ ಬೇಣಕ್ಕೆ, ಆ ಕಾನಿಗೆ, ಆ ಸೊಪ್ಪಿನ ಬೆಟ್ಟಕ್ಕೆ ಅವರು ಹೇಳುವ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಡಿ. ಹೇಳಿದವರ ಹೆಸರನ್ನೂ ದಿನಾಂಕವನ್ನೂ ಸೇರಿಸಿ. ಲೇಸರ್ ಹೊತ್ತ ವಿಮಾನ ನಮ್ಮ ಗುಡ್ಡಗಳ ಮೇಲೆ ಎಂದು ಹಾರಿದರೂ ತಡವಾಗದು. ಈ ಕೆಲಸಕ್ಕೆ ಮಾತ್ರ ಈ ಮಳೆಗಾಲವೇ ಸರಿಯಾದ ಸಮಯ.