ತೊಟ್ಟಿಯ ಬಳಿ ಒಂದು ರಾತ್ರಿ

ಸ್ಟೇಷನ್ ಎಂದೊಡನೆ ನಮಗೆ ನೆನಪಾಗುವುದು ರೈಲು, ಇಲ್ಲವೆ ಪೊಲೀಸು. ಆಸ್ಟ್ರೇಲಿಯದ ಒಳನಾಡಿನಲ್ಲಿ ಆ ಮಾತಿಗೆ ದನಗಳ ಬೀಡು ಎಂದರ್ಥ. ನಮ್ಮೂರ ಗೋಮಾಳದ ಅಳತೆಯಲ್ಲಿ ಅದನ್ನು ಊಹಿಸಿಕೊಳ್ಳಲಾಗದು. ದಕ್ಷಿಣ ಆಸ್ಟ್ರೇಲಿಯದ ಅನ್ನಾ ಕ್ರೀಕ್ ಎಂಬ ಸ್ಟೇಷನ್ ಒಂದೇ ನಮ್ಮ ಬೆಳಗಾವಿ ಜಿಲ್ಲೆಗಿಂತ ವಿಸ್ತಾರವಾದದ್ದು. ನಾನು ಹೋದದ್ದು ಅದಕ್ಕಿಂತ ಎಷ್ಟೋ ಚಿಕ್ಕದಾದ ಒಂದಕ್ಕೆ. ಅಲ್ಲಿಯೂ ಮೊದಲ ಗೇಟಿನಿಂದ ಯಜಮಾನರ ಮನೆಗೆ ಮುಕ್ಕಾಲು ಗಂಟೆಯ ಹಾದಿ.

೨೦೧೭ರ ಆಗಸ್ಟಿನಲ್ಲಿ, ಅಡಿಲೇಡಿನಲ್ಲಿದ್ದ ಮಗ ತನ್ನ ಫೋರ್‌ವ್ಹೀಲ್ ಜೀಪಿನಲ್ಲಿ ನನ್ನನ್ನು ಉತ್ತರಕ್ಕೆ ಕರೆದೊಯ್ದ. ಮರ್ರೀ ಎಂಬ ಪುಟ್ಟ ಊರಿನಿಂದ ಬರ್ಡ್ಸ್‌ವಿಲ್‌ವರೆಗೆ ೫೦೦ ಕಿಲೋಮೀಟರಿಗೂ ಮಿಕ್ಕ ಮಣ್ಣುದಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನಾಡಿಗೆ ಸಾಮಾನು ಹೊತ್ತವು ಒಂಟೆಗಳು. ಒಂಟೆಯವರನ್ನೆಲ್ಲ ಅಲ್ಲಿಯ ಜನ ‘ಆಫ್ಘನ್’ ಎಂದೇ ಕರೆದರು. ಅವರಲ್ಲಿ ಹಲವರು ಅಂದಿನ ಹಿಂದೂಸ್ಥಾನದವರು. ಆಮೇಲೆ ೧೯೩೬ರಿಂದ ಟಾಮ್ ಕ್ರೂಸ್ ಎಂಬಾತ ಲಾರಿಯಲ್ಲಿ ಟಪಾಲು ಸಾಗಿಸಿದ. ೧೯೫೪ರಲ್ಲಿ ಆತನನ್ನು ಕುರಿತು ಬಂದ ಚಿತ್ರದಿಂದ ಈ ದಾರಿಗೆ ಲೋಕಪ್ರಸಿದ್ಧಿಯೂ ದೊರೆಯಿತು.

ಮರಳು ಕಂಡೊಡನೆ ಮಗ ಇಳಿದು ನಾಲ್ಕೂ ಟೈರುಗಳ ಗಾಳಿ ಬಿಡತೊಡಗಿದ. ಪಂಕ್ಚರಿಗೆ ಹೆದರಿಯೇ ಆಯುಷ್ಯ ಕಳೆದ ನನಗೆ ಅದು ಬುದ್ಧಿಭ್ರಮಣೆಯಂತೆ ತೋರಿತು. ಗಾಳಿ ತಗ್ಗಿದ ಟೈರು ಒಂಟೆಯ ಪಾದದಂತೆ ಅಗಲವಾಗಿ ಹರಡಿ, ಮರಳಿನಲ್ಲಿ ಹೂತುಹೋಗದೆ ಸಾಗುತ್ತದಂತೆ. ನನ್ನ ಪಾಲಿನ ಕೆಲಸ ಗೇಟುಗಳದು. ಮುಚ್ಚಿದ್ದನ್ನು ತೆರೆದು ಮತ್ತೆ ಮುಚ್ಚಬೇಕು. ತೆರೆದಿದ್ದನ್ನು ಹಾಗೆಯೇ ಬಿಡಬೇಕು. ಅದರಾಚೆ ನೀರಿಗೆ ಹೋದ ದನಗಳಿರಬಹುದು.

ಅನುಮತಿ ಪಡೆದಿದ್ದ ಬಿಡಾರದ ಜಾಗ ಇನ್ನೂ ದೂರವಿರುವಾಗಲೇ ಕತ್ತಲಾಯಿತು. ಎದುರಿಗೆ ಕೊಳವೆಬಾವಿಯ ಟ್ಯಾಂಕು, ಅದರ ಪಕ್ಕದಲ್ಲಿ ಉದ್ದನೆಯ ತೊಟ್ಟಿ. ಮಗ ಅನುಮಾನಿಸಿದ. ನಾನೇ, “ನೀರಿರುವಲ್ಲಿ ಇಳಿಯುವುದು ಹಿರಿಯರ ಪದ್ಧತಿ ಕಣಪ್ಪ,” ಎಂದು ಒತ್ತಾಯಪಡಿಸಿದೆ. ಡೇರೆ ಹಾಕಿದೆವು, ಬೆಂಕಿ ಮಾಡಿ ಅನ್ನ ಬೇಯಿಸಿದೆವು. ಅಂಥ ನಕ್ಷತ್ರಗಳನ್ನು ನಾನು ಹಿಂದೆ ಕಂಡಿರಲಿಲ್ಲ. ಮಲಗಿದ ಮೇಲೆ ದನಗಳ ಕೂಗು ಕೇಳಿಸಿತು. ಬಹಳ ಹತ್ತಿರ, ಆದರೆ ಒಂದೂ ಮುಂದೆ ಬರಲಿಲ್ಲ. ಟಾರ್ಚು ಹಾಕಿದರೆ ಸಾಲುಸಾಲು ಕಣ್ಣುಗಳು ಹೊಳೆದು ಹಿಂದಕ್ಕೆ ಸರಿದವು. ಅದನ್ನು ನಾನು ಮೃಗಸಹಜವಾದ ಕುತೂಹಲವೆಂದು ತಿಳಿದು, ಸೊಗಸಾದ ಅನುಭವವೆಂದು ಸಂತೋಷಪಟ್ಟು ನಿದ್ದೆ ಹೋದೆ.

ಬೆಳಿಗ್ಗೆ ಸ್ಟೇಷನ್ನಿನ ಯಜಮಾನಿತಿ ತೊಟ್ಟಿಗಳನ್ನು ನೋಡಿಕೊಂಡು ಹೋಗಲು ಪಿಕಪ್ ಗಾಡಿಯಲ್ಲಿ ಬಂದರು. ಕೂಗಾಡಲಿಲ್ಲ. ನೆಲದ ಮೇಲಿನ ಗೊರಸಿನ ಗುರುತುಗಳನ್ನು ತೋರಿಸಿದರು. ಅವೆಲ್ಲ ಒಂದು ಅಂತರದಲ್ಲಿ ನಿಂತು, ತಿರುಗಿ ಹೋಗಿದ್ದವು. “ಇವು ಹತ್ತು ಕಿಲೋಮೀಟರು ನಡೆದು ಬಂದಿದ್ದವು. ನೀವಿದ್ದಿರಿ, ಕುಡಿಯದೆ ಹೋದವು,” ಎಂದಷ್ಟೇ ಹೇಳಿದರು. ಆ ರಾಜ್ಯದಲ್ಲಿ ದನದ ತೊಟ್ಟಿಯಿಂದ ಅರ್ಧ ಕಿಲೋಮೀಟರಿನೊಳಗೆ ಬಿಡಾರ ಹೂಡಬಾರದೆಂಬ ಕಾಯಿದೆ ೧೯೮೯ರಿಂದಲೂ ಉಂಟು. ಆಕೆ ಕಾಯಿದೆಯ ಮಾತೆತ್ತಲಿಲ್ಲ. ನಮ್ಮ ತಂದೆ ಬಾವಿಯ ಬಳಿಯ ಕಲ್ಲುಬಾನಿಗೆ ದಿನವೂ ನೀರು ಸೇದಿ ತುಂಬಿದ ಮೇಲೆಯೇ ಸ್ನಾನಕ್ಕೆ ಹೋಗುತ್ತಿದ್ದುದು ನನಗೆ ಆಗ ನೆನಪಾಯಿತು.

ಆ ನೀರಿನ ಕಥೆಯೂ ಚಿಕ್ಕದಲ್ಲ. ಪೂರ್ವದ ಬೆಟ್ಟಗಳಲ್ಲಿ ಎಂದೋ ಬಿದ್ದ ಮಳೆ ಬಂಡೆಯ ಪದರಗಳಲ್ಲಿ ಇಳಿದು, ತೆವಳಿ ಬಂದದ್ದು. ಕೆಲವೆಡೆ ಅದರ ವಯಸ್ಸು ಹತ್ತು ಲಕ್ಷ ವರ್ಷವನ್ನೂ ಮೀರುತ್ತದೆ. ನೆಲದಿಂದ ಮೇಲೆ ಬರುವಾಗ ಕುದಿಯುವಷ್ಟು ಬಿಸಿಯಿರುವುದೂ ಉಂಟು. ತಣಿಸಿ ತೊಟ್ಟಿಗೆ ಬಿಡಬೇಕು.

ಎರಡು ಕಿಲೋಮೀಟರು ಆಚೆಗೆ ಸರಿದು ಕಾದೆವು. ಒಂದು ಗಂಟೆಯೊಳಗೆ ದನಗಳು ಬಂದವು. ಆಕೆ ದುರ್ಬೀನಿನಲ್ಲಿ ಎಣಿಸಿ, ಕರುವಿರುವ ಒಂದು ಹಸು ಕಾಣುವುದಿಲ್ಲವೆಂದು ವೈರ್‌ಲೆಸ್ಸಿನಲ್ಲಿ ತಿಳಿಸಿ, ಜಾಡು ಹಿಡಿದು ಹೊರಟರು. ಕೆಂಪು ಮರಳುದಿಬ್ಬಗಳನ್ನು ನೋಡುವ ನಮ್ಮ ಕಾರ್ಯಕ್ರಮ ಅಲ್ಲಿಗೇ ನಿಂತಿತು. ಹೊರಡೋಣವೆಂದು ಇಬ್ಬರಲ್ಲಿ ಯಾರೂ ಅನ್ನಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಹಸು ಬಂತು, ಹಿಂದೆ ಕರು. ತಲೆಯೆತ್ತದೆ ಕುಡಿಯಿತು. ಎಷ್ಟು ಹೊತ್ತು ಕುಡಿಯಿತೆಂದು ಮಗ ಗಡಿಯಾರ ನೋಡಿಕೊಂಡಿದ್ದ. ನಾನು ಕೇಳಲಿಲ್ಲ.