ಒಂದು ಪದ, ಮೂರು ಅರ್ಥ: ತರಗತಿಯಲ್ಲಿ ‘ಲಿಂಗ’ದ ಚರ್ಚೆ



ವ್ಯಾಕರಣದ ಪಾಠದಲ್ಲಿ ನಾವು ‘ಲಿಂಗ’ ಎನ್ನುತ್ತೇವೆ. ವಿಜ್ಞಾನದ ಪಾಠದಲ್ಲಿ ‘ಲಿಂಗ ನಿರ್ಧಾರ’ ಬರುತ್ತದೆ. ಪ್ರವೇಶದ ಅರ್ಜಿಯಲ್ಲಿಯೂ ಅದೇ ಪದವಿದೆ. ಪತ್ರಿಕೆಗಳು ‘ಲಿಂಗತ್ವ’ದ ವಿವಾದಗಳನ್ನು ವರದಿ ಮಾಡುತ್ತವೆ. ಇವೆಲ್ಲವನ್ನೂ ಓದುವ ಹಿರಿಯ ತರಗತಿಯ ಮಕ್ಕಳು, ಹೆಣ್ಣು ಯಾರು, ಗಂಡು ಯಾರು, ಅದನ್ನು ನಿರ್ಧರಿಸುವವರು ಯಾರು ಎಂದು ಕೇಳುವುದು ಸಹಜ. ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕಬಾರದು. ಗೊಂದಲದ ಬಹುಪಾಲು ಪದದಲ್ಲಿಯೇ ಇರುವುದರಿಂದ ಭಾಷಾ ಶಿಕ್ಷಕರಿಗೆ ಇಲ್ಲಿ ವಿಶೇಷ ಹೊಣೆಯಿದೆ.

ಮೊದಲನೆಯ ಅರ್ಥ ವ್ಯಾಕರಣದ್ದು. ಗಡಿಯಾಚೆಯ ನಮ್ಮ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಅವರು ಎರಡು ಭಾಷೆ ಬಲ್ಲವರು. ಸೊಲ್ಲಾಪುರದ ಮಗುವಿಗೆ ಮರಾಠಿಯ ‘ಖುರ್ಚಿ’ ಸ್ತ್ರೀಲಿಂಗವೆಂದೂ ಕಲ್ಲೆಂಬ ಅರ್ಥದ ‘ದಗಡ’ ಪುಲ್ಲಿಂಗವೆಂದೂ ಗೊತ್ತು. ಕನ್ನಡದಲ್ಲಿ ಎರಡೂ ನಪುಂಸಕಲಿಂಗ. ಆದೋನಿಯ ಮಗು ತೆಲುಗಿನಲ್ಲಿ ತಾಯಿಗೂ ಹಸುವಿಗೂ ‘ವಚ್ಚಿಂದಿ’ ಎಂಬ ಒಂದೇ ಕ್ರಿಯಾಪದವನ್ನು ಬಳಸುತ್ತದೆ. ಕಾಸರಗೋಡಿನ ಮಗು ಮಲಯಾಳದಲ್ಲಿ ಅವನಿಗೂ ಅವಳಿಗೂ ಅದಕ್ಕೂ ‘ವನ್ನು’ ಎನ್ನುತ್ತದೆ. ಕನ್ನಡದಲ್ಲಿಯೂ ‘ಮಗು’ ನಿತ್ಯ ನಪುಂಸಕಲಿಂಗವೇ. ಆದುದರಿಂದ ವ್ಯಾಕರಣದ ಲಿಂಗವು ಭಾಷೆಯ ವ್ಯವಸ್ಥೆ. ದೇಹದ ಕುರಿತ ತೀರ್ಪಲ್ಲ.

ಎರಡನೆಯದು ಜೈವಿಕ ಲಿಂಗ. ಅಂಡಾಣು, ವೀರ್ಯಾಣು, ವರ್ಣತಂತು, ಗ್ರಂಥಿಗಳು, ಹಾರ್ಮೋನುಗಳು ಇದರ ಆಧಾರ. ಬಹುತೇಕ ಜನರಲ್ಲಿ ಇವೆಲ್ಲ ಒಂದೇ ದಿಕ್ಕನ್ನು ಸೂಚಿಸುತ್ತವೆ. ಕೆಲವರಲ್ಲಿ ಹುಟ್ಟಿನಿಂದಲೇ ಹಾಗಿರುವುದಿಲ್ಲ, ಅವರನ್ನು ಅಂತರಲಿಂಗಿಗಳೆನ್ನುತ್ತಾರೆ. ಮೂರನೆಯದು ಲಿಂಗತ್ವದ ಗುರುತು: ತಾನು ಗಂಡು, ಹೆಣ್ಣು ಅಥವಾ ಎರಡೂ ಅಲ್ಲವೆಂದು ವ್ಯಕ್ತಿಯು ತನ್ನನ್ನು ಅರಿತುಕೊಳ್ಳುವ ಬಗೆ. ಅಂತರಲಿಂಗವು ದೇಹದ ವಿಷಯ, ಲಿಂಗತ್ವವು ಗುರುತಿನ ವಿಷಯ. ಇವೆರಡನ್ನು ಬೆರೆಸಿದರೆ ವಾದ ಆರಂಭದಲ್ಲಿಯೇ ದಾರಿ ತಪ್ಪುತ್ತದೆ.

ನಿಜವಾದ ಚರ್ಚೆ ಇರುವುದು ಕಾನೂನಿನಲ್ಲಿ ಯಾವ ಅರ್ಥಕ್ಕೆ ಮಾನ್ಯತೆ ಎಂಬಲ್ಲಿ. 2014ರ ಏಪ್ರಿಲ್ 15ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಪ್ರಕರಣದಲ್ಲಿ ತೃತೀಯ ಲಿಂಗವನ್ನು ಮಾನ್ಯ ಮಾಡಿತು. ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕನ್ನೂ ಎತ್ತಿಹಿಡಿಯಿತು. 2019ರ ಅಧಿನಿಯಮವು ಗುರುತಿನ ಪ್ರಮಾಣಪತ್ರ ನೀಡುವ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿಗಳಿಗೆ ವಹಿಸಿದಾಗ, ಇದು ಆ ಹಕ್ಕಿಗೆ ತೊಡಕೆಂದು ಹಲವರು ಆಕ್ಷೇಪಿಸಿದರು. ಅದೇ ವರ್ಷ ಮದರಾಸು ಉಚ್ಚ ನ್ಯಾಯಾಲಯದ ಮಧುರೈ ಪೀಠವು, ಹಿಂದೂ ವಿವಾಹ ಕಾಯಿದೆಯ ‘ವಧು’ ಎಂಬ ಪದದಲ್ಲಿ ಲಿಂಗತ್ವ ಪರಿವರ್ತಿತ ಮಹಿಳೆಯೂ ಸೇರುತ್ತಾಳೆಂದು ಹೇಳಿತು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವಾದರೋ, ಅಲ್ಲಿಯ 2010ರ ಸಮಾನತಾ ಕಾಯಿದೆಯಲ್ಲಿ ‘ಮಹಿಳೆ’ ಎಂದರೆ ಜೈವಿಕವಾಗಿ ಹೆಣ್ಣಾದವಳು ಎಂದಿತು. ಲಿಂಗತ್ವ ಪರಿವರ್ತಿತರಿಗೆ ತಾರತಮ್ಯದ ವಿರುದ್ಧ ಅದೇ ಕಾಯಿದೆ ನೀಡುವ ರಕ್ಷಣೆ ಉಳಿದಿದೆಯೆಂದೂ ಸ್ಪಷ್ಟಪಡಿಸಿತು.

ಎರಡೂ ನ್ಯಾಯಾಲಯಗಳ ಮುಂದಿದ್ದುದು ಒಂದು ಕಾಯಿದೆಯ ಒಂದು ಪದ. ವಿದ್ಯಾರ್ಥಿಗಳು ಕಲಿಯಬೇಕಾದುದು ಇದನ್ನೇ: ವ್ಯಾಖ್ಯೆಯನ್ನು ಕೇಳುವ ಮೊದಲು ‘ಯಾವ ಉದ್ದೇಶಕ್ಕಾಗಿ?’ ಎಂದು ಕೇಳಬೇಕು. ಮದುವೆಯ ನೋಂದಣಿ, ವೈದ್ಯಕೀಯ ಚಿಕಿತ್ಸೆ, ಓಟದ ಸ್ಪರ್ಧೆ, ವಸತಿನಿಲಯ, ಜನಗಣತಿ ಇವುಗಳ ಅಗತ್ಯ ಒಂದೇ ಅಲ್ಲ.

ಚರ್ಚೆ ಏರ್ಪಡಿಸುವಾಗ ಎರಡೂ ಪಕ್ಷಗಳನ್ನು ಅವುಗಳ ಪೂರ್ಣ ಬಲದೊಡನೆ ಮಂಡಿಸಿರಿ. ಜೈವಿಕ ವ್ಯಾಖ್ಯೆಯನ್ನು ಬಯಸುವವರು, ಹೆಣ್ಣುಮಕ್ಕಳ ಕ್ರೀಡೆ, ಆರೋಗ್ಯ, ಖಾಸಗಿತನಗಳಿಗೆ ಮಾಡಿದ ಏರ್ಪಾಡುಗಳು ದೇಹದ ಭೇದವನ್ನೇ ಆಧರಿಸಿವೆ, ಗುರುತು ಮಾತ್ರ ಸಾಕೆಂದರೆ ಅವು ಸಡಿಲಗೊಳ್ಳುತ್ತವೆ ಎನ್ನುತ್ತಾರೆ. ಗುರುತಿಗೆ ಮಾನ್ಯತೆ ಬೇಕೆನ್ನುವವರು, ನಿತ್ಯದ ಬದುಕಿನಲ್ಲಿ ಯಾರೂ ವರ್ಣತಂತು ನೋಡಿ ವ್ಯವಹರಿಸುವುದಿಲ್ಲ, ದಾಖಲೆ ಮತ್ತು ಬದುಕು ಬೇರೆಯಾದವನಿಗೆ ಶಾಲೆ, ಮನೆ, ಉದ್ಯೋಗ ಮೂರೂ ಮುಚ್ಚುತ್ತವೆ ಎನ್ನುತ್ತಾರೆ. ಎರಡರಲ್ಲಿಯೂ ವಿಚಾರವಿದೆ, ಒಂದನ್ನು ಮೂಢತನವೆಂದೋ ಇನ್ನೊಂದನ್ನು ಕ್ರೌರ್ಯವೆಂದೋ ಕರೆದು ಆರಂಭಿಸಬಾರದು.

ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು.

1. ಚರ್ಚೆಯ ವಿಷಯ ಪದದ ವ್ಯಾಖ್ಯೆಯಾಗಿರಲಿ. ತರಗತಿಯ ಅಥವಾ ಊರಿನ ಯಾವ ವ್ಯಕ್ತಿಯೂ ಉದಾಹರಣೆಯಾಗಬಾರದು.

2. ಪ್ರತಿವಾದಿಯ ಮಾತನ್ನು, ಅವನು ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುವಂತೆ ಮೊದಲು ಪುನರುಕ್ತಿಸಿ, ಆಮೇಲೆ ಖಂಡಿಸಬೇಕು.

3. ಬೈಗುಳವಾಗಿ ಬಳಕೆಯಲ್ಲಿರುವ ಪದಗಳಿಗೆ ಪ್ರವೇಶವಿಲ್ಲ. ಕನ್ನಡದ ‘ಲಿಂಗತ್ವ ಅಲ್ಪಸಂಖ್ಯಾತರು’, ತಮಿಳಿನ ‘ತಿರುನಂಗೈ’, ‘ತಿರುನಂಬಿ’, ಮರಾಠಿಯ ‘ತೃತೀಯಪಂಥಿ’ ಇಂಥ ಮರ್ಯಾದೆಯ ಪದಗಳನ್ನು ಪರಿಚಯಿಸಿರಿ. ಕನ್ನಡದ ‘ಅವರು’ ಎಂಬ ಗೌರವರೂಪಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂಬುದನ್ನೂ ನೆನಪಿಸಿರಿ.

4. ಕೊನೆಯಲ್ಲಿ ಕೈ ಎತ್ತಿಸಿ ಮತ ಎಣಿಸಬೇಡಿ. ಯಾರ ಪಕ್ಷ ಗೆದ್ದಿತೆಂದು ಸಾರುವುದೂ ಬೇಡ.

ಈ ವಿಷಯದ ಕಾನೂನು ಬದಲಾಗುತ್ತಿರುತ್ತದೆ. ಪಾಠಕ್ಕೆ ಮುನ್ನ ಅಂದಿನ ಸ್ಥಿತಿಯನ್ನೂ ನಿಮ್ಮ ರಾಜ್ಯದ ಸುತ್ತೋಲೆಗಳನ್ನೂ ನೋಡಿಕೊಳ್ಳಿರಿ.

ನಲವತ್ತು ಮಕ್ಕಳು ಕುಳಿತ ತರಗತಿಯಲ್ಲಿ ಈ ಪ್ರಶ್ನೆ ಯಾರೋ ಒಬ್ಬರಿಗೆ ಪರೀಕ್ಷೆಯ ವಿಷಯವಾಗಿರದೆ ಸ್ವಂತ ಬದುಕಿನ ವಿಷಯವಾಗಿರಬಹುದು. ಆ ಮಗು ಕೈ ಎತ್ತುವುದಿಲ್ಲ, ಮಾತನಾಡುವುದಿಲ್ಲ. ಉಳಿದವರ ನಗೆಯನ್ನೂ ನಿಮ್ಮ ಮುಖವನ್ನೂ ಗಮನಿಸುತ್ತಿರುತ್ತದೆ. ವ್ಯಾಖ್ಯೆಯ ವಿಷಯದಲ್ಲಿ ನಾವು ಭಿನ್ನಾಭಿಪ್ರಾಯ ಹೊಂದಿರಬಹುದು. ಆ ಮಗು ಮರುದಿನವೂ ಶಾಲೆಗೆ ಬರುವಂತಿರಬೇಕು ಎಂಬುದರಲ್ಲಿ ಶಿಕ್ಷಕರಾದ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಲಾಗದು.