ಕೋಠಿಯಲ್ಲಿ ವಾಟ್ ಕೇಳ್ಬೇಡಿ, ಮೊದಲು ಓಮ್ ಕೇಳಿ

ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ, ಹೈದರಾಬಾದಿಗೆ ಕೋಠಿಯ ಗುಜರಾತಿ ಗಲ್ಲಿ ಹಾಗೆ. ಹೈಟೆಕ್ ಸಿಟಿ ಕಡೆಯವರು ಮೆಟ್ರೋದಲ್ಲಿ ಅಮೀರ್‌ಪೇಟೆಗೆ ಬಂದು, ಕೆಂಪು ಲೈನ್ ಹಿಡಿದು, ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಸ್ಟೇಷನ್ನಲ್ಲಿ ಇಳಿದರೆ ಆಯ್ತು. ಆಂಪ್ಲಿಫೈಯರ್ ಬೋರ್ಡು, ಬಿಡಿ ಸ್ಪೀಕರು, ಟ್ವೀಟರು ಎಲ್ಲಾ ಸಿಗುತ್ತೆ.

ಆದ್ರೆ ನಮ್ಮವರು ಹೋಗಿ ಕೇಳೋದು ಒಂದೇ: "ಕಿತನಾ ವಾಟ್?" ಅಂಗಡಿಯವನು 200 ಅಂತಾನೆ. ಹಾಗೆ ಹೇಳೋದಕ್ಕೆ ಅವನಿಗೇನೂ ಖರ್ಚಿಲ್ಲ.

ಲೆಕ್ಕ ನೋಡಿ. ಸ್ಪೀಕರ್ ಒಳಗೆ ಒಂದು ತಂತಿ ಸುರುಳಿ ಇದೆ, ವಾಯ್ಸ್ ಕಾಯಿಲ್. ಅದರ ಓಮ್ ಕಡಿಮೆ ಆದಷ್ಟೂ ಬೋರ್ಡಿನಿಂದ ಹೆಚ್ಚು ಕರೆಂಟ್ ಎಳೆಯುತ್ತೆ. 12 ವೋಲ್ಟಿನ ಬ್ರಿಡ್ಜ್ ಬೋರ್ಡಿಗೆ 8 ಓಮ್ ಹಾಕಿದ್ರೆ ಶುದ್ಧವಾಗಿ ಸಿಗೋದು ಹೆಚ್ಚಂದ್ರೆ 9 ವಾಟ್, 4 ಓಮ್ ಹಾಕಿದ್ರೆ 18. ಸ್ಟಿಕ್ಕರ್ ಮೇಲೆ ಏನೇ ಬರೆದಿರಲಿ, ಅಷ್ಟೇ. ವಾಟ್ ಎರಡು ಪಟ್ಟು ಆದ್ರೂ ಸೌಂಡ್ ಏರೋದು 3 ಡೆಸಿಬೆಲ್ ಮಾತ್ರ, ಕಿವಿಗೆ ಸ್ವಲ್ಪ ಜಾಸ್ತಿ ಅನ್ಸುತ್ತೆ. ಅದಕ್ಕೋಸ್ಕರ ಓಮ್ ಇಳಿಸೋಕೆ ಹೋಗಿ ಬೋರ್ಡ್ ಸುಡೋದು ದಂಡ.

ನಿಮ್ಮಲ್ಲಿ ತುಂಬಾ ಜನರ ಮನೇಲಿ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್, 65 ವಾಟ್ ಅಡಾಪ್ಟರ್ ಬಿದ್ದಿರುತ್ತೆ. (ಕಂಪನಿಗೆ ವಾಪಸ್ ಕೊಡ್ಬೇಕಾದ್ದು ಬೇಡಪ್ಪ.) ಟಿಪಿಎ3116 ಬೋರ್ಡಿಗೆ ಅದು ಚೆನ್ನಾಗಿ ಹೊಂದುತ್ತೆ. ಎರಡು 8 ಓಮ್ ಸ್ಪೀಕರ್ ಹಾಕಿದ್ರೆ ಒಂದೊಂದಕ್ಕೆ ಸುಮಾರು 22 ವಾಟ್. ಅಡಾಪ್ಟರ್ ಆರಾಮಾಗಿ ತಡ್ಕೊಳ್ಳುತ್ತೆ. 4 ಓಮ್ ಆದ್ರೆ ಎರಡೂ ಸೇರಿ 90 ವಾಟ್ ಹತ್ತಿರ. ಜೋರಾಗಿಟ್ರೆ ಅಡಾಪ್ಟರ್ ಕೈಕೊಡುತ್ತೆ. ಇನ್ನೊಂದು, ಈ ಬೋರ್ಡಲ್ಲಿ ಎರಡೂ ಸ್ಪೀಕರಿನ ಮೈನಸ್ ತಂತಿ ಒಂದಕ್ಕೊಂದು ಸೇರಿಸ್ಬಾರದು, ಗ್ರೌಂಡಿಗೂ ಮುಟ್ಟಿಸ್ಬಾರದು.

ಹಳೇ ಹೋಮ್ ಥಿಯೇಟರಿನ ಚಿಕ್ಕ ಸ್ಪೀಕರುಗಳ ಬೆನ್ನು ತಿರುಗಿಸಿ ನೋಡಿ, ಕೆಲವದರಲ್ಲಿ 3 ಓಮ್ ಅಂತಿರುತ್ತೆ. ಅವನ್ನ 8 ಓಮ್ ಬೋರ್ಡಿಗೆ ಹಾಕೋ ಮುಂಚೆ ಬೋರ್ಡ್ ಎಷ್ಟು ಓಮ್‌ವರೆಗೆ ತಡೆಯುತ್ತೆ ಕೇಳಿ. "ಚಲ್ ಜಾತಾ" ಅಂದ್ರೆ ನಂಬ್ಬೇಡಿ. ಅಕ್ಷರ ಅಳಿಸಿ ಹೋಗಿದ್ರೆ ಮಲ್ಟಿಮೀಟರ್ ಹಿಡೀರಿ: 8 ಓಮ್ ಸ್ಪೀಕರ್ ಸುಮಾರು 6 ತೋರಿಸುತ್ತೆ, 4 ಓಮಿಂದು 3ರ ಮೇಲೆ ಸ್ವಲ್ಪ. ಮೀಟರ್ ತೋರಿಸೋದು ಬರೀ ತಂತಿಯ ರೆಸಿಸ್ಟೆನ್ಸು, ಹಾಗಾಗಿ ಬರೆದದ್ದಕ್ಕಿಂತ ಕಡಿಮೆ ಬರುತ್ತೆ. ಅದು ಹಾಳಾಗಿಲ್ಲ.

ಈಗ ಮುಖ್ಯವಾದ್ದು. ನವೆಂಬರ್ 1ಕ್ಕೆ ಅಪಾರ್ಟ್‌ಮೆಂಟ್ ಕ್ಲಬ್‌ಹೌಸಲ್ಲಿ ರಾಜ್ಯೋತ್ಸವ ಮಾಡ್ತೀರಿ. ನಾಲ್ಕು ಬಾಕ್ಸ್, ಎಲ್ಲಾ 8 ಓಮ್, ಒಂದೇ ಆಂಪ್ಲಿಫೈಯರ್. ನಾಲ್ಕನ್ನೂ ಪ್ಯಾರಲಲ್ ಜೋಡಿಸಿದ್ರೆ 2 ಓಮ್ ಆಗುತ್ತೆ. ನಾಡಗೀತೆ ಮುಗಿಯೋದ್ರೊಳಗೆ ಹೊಗೆ ಬಂದ್ರೂ ಆಶ್ಚರ್ಯ ಇಲ್ಲ. ಎರಡೆರಡು ಸೀರೀಸ್ ಮಾಡಿ, ಆ ಎರಡು ಜೋಡಿನ ಪ್ಯಾರಲಲ್ ಮಾಡಿ. ಒಟ್ಟು ಮತ್ತೆ 8 ಓಮ್.

ಚಿಕ್ಕ ಆಂಪ್ಲಿಫೈಯರನ್ನ ಕೊನೇವರೆಗೂ ತಿರುಗಿಸೋ ಅಭ್ಯಾಸಾನೂ ಬಿಡಿ. ಅಲೆಯ ತಲೆ ಕತ್ತರಿಸಿ ಹೋದಾಗ ಮೊದಲು ಸಾಯೋದು ಪಾಪ ಟ್ವೀಟರ್.

ಗಲ್ಲಿಗೆ ಹೋಗುವಾಗ ಸ್ಪೀಕರಿನ ಬೆನ್ನಿನ ಫೋಟೋ ಮೊಬೈಲಲ್ಲಿರಲಿ. ಕ್ರಾಸ್‌ಓವರ್ ಬಗ್ಗೆ ಮುಂದಿನ ವಿಡಿಯೋದಲ್ಲಿ ಮಾತಾಡೋಣ.